ಅಂಗೈ ಸಾಕ್ಷಿ

ನಮ್ಮ ಊರಿನಲ್ಲಿ ಕೋಳಿಗೂಡಿಗೂ ಬೀಗ ಹಾಕುತ್ತಿದ್ದರು, ಫೈಲಿಗೆ ಮಾತ್ರ ಯಾರೂ ಹಾಕುತ್ತಿರಲಿಲ್ಲ. ನೀವು ಬರೆದದ್ದನ್ನೋ ನಿಮ್ಮ ಬಾಯಿಂದ ಬಂದದ್ದನ್ನೋ ಕ್ಲೌಡಿನಲ್ಲಿ ಇಟ್ಟ ಮೇಲೆ, ಅದನ್ನು ಬೇರೆ ಯಾರೇ ತೆರೆಯಲಿ, ಎಷ್ಟು ದೂರದಲ್ಲೇ ಕೂತು ತೆರೆಯಲಿ, ನಿಮ್ಮ ಬಲ ಅಂಗೈ ಬೆಚ್ಚಗಾಗುತ್ತದೆ. ಅವರು ಓದಿ ಮುಚ್ಚುವವರೆಗೂ ಆ ಬಿಸಿ ಇರುತ್ತದೆ, ಮುಚ್ಚಿದ ಕೂಡಲೇ ಆರುತ್ತದೆ. ರೇಷನ್ ಕಾರ್ಡಿಗೆ, ಕರೆಂಟ್ ಬಿಲ್ಲಿಗೆ ಹಾಗಾಗುವುದಿಲ್ಲ. ನಿಮ್ಮ ಸ್ವಂತ ಮಾತಿಗೆ ಮಾತ್ರ.

ನಾವೆಲ್ಲ ಇದಕ್ಕೆ ಹೊಂದಿಕೊಂಡೇ ಬದುಕಿದವರು. ಕ್ಷೌರದಂಗಡಿಯವನು ಕೈ ಬೆಚ್ಚಗಾದರೆ ಕತ್ತಿಯನ್ನು ಗಿರಾಕಿಯ ಕೆನ್ನೆಯಿಂದ ಎತ್ತಿ ಸುಮ್ಮನೆ ನಿಲ್ಲುತ್ತಿದ್ದ. ಅರ್ಧ ಮುಖ ನೊರೆ ಮೆತ್ತಿಕೊಂಡ ಗಿರಾಕಿಯೂ ತಕರಾರಿಲ್ಲದೆ ಕಾಯುತ್ತಿದ್ದ. ಬಸ್ ಕಂಡಕ್ಟರು ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಮುಷ್ಟಿ ಬಿಗಿ ಹಿಡಿದರೆ, ಯಾರೋ ಓದ್ತಾ ಇದಾರೆ ಬಿಡಿ ಎಂದು ಜನ ತಾವೇ ಚಿಲ್ಲರೆ ಹೊಂದಿಸಿಕೊಳ್ಳುತ್ತಿದ್ದರು. ಬಸ್ ಸ್ಟ್ಯಾಂಡಿನ ಹೋಟೆಲಿನ ಭಟ್ಟರು ಮದುವೆಗೆ ಮುಂಚೆ ಯಾರಿಗೋ ಬರೆದ ಪತ್ರವೊಂದು ಆಮೇಲೆ ಕ್ಲೌಡಿಗೆ ಏರಿತ್ತಂತೆ. ದಿನಾ ಸಂಜೆ ನಾಲ್ಕಕ್ಕೆ ಅದು ಎಲ್ಲೋ ತೆರೆದುಕೊಳ್ಳುತ್ತಿತ್ತು. ಮೂವತ್ತು ವರ್ಷ ಸಂಸಾರ ಮಾಡಿದ ಅವರ ಹೆಂಡತಿ ಮೂರೂ ಮುಕ್ಕಾಲಿಗೇ ಬಂದು, ಹೊತ್ತಾಯ್ತು, ಕಾವಲಿ ಹತ್ತಿರದಿಂದ ಏಳಿ, ಆ ಪುಣ್ಯಾತ್ಗಿತ್ತಿ ಬರೋ ಹೊತ್ತು ಎಂದು ಸಟ್ಟುಗ ಕಿತ್ತುಕೊಂಡು ತಾವೇ ದೋಸೆ ಹುಯ್ಯುತ್ತಿದ್ದರು.

ಆ ಹೋಟೆಲಿನ ಪಕ್ಕದ ಮಳಿಗೆ ನನ್ನದು. ಜನರ ಫೈಲುಗಳನ್ನು ಜೋಡಿಸಿಡುವುದು ನನ್ನ ಕೆಲಸ. ಎಲ್ಲರೂ ಎಲ್ಲವನ್ನೂ ಒಂದೇ ಕಡೆ ಸುರಿದು, ‘ಹೊಸದು’, ‘ಹೊಸದು ಎರಡು’, ‘ಇದೇ ಕೊನೇದು’ ಎಂದೆಲ್ಲ ಹೆಸರಿಟ್ಟು, ಬೇಕಾದಾಗ ಸಿಗದೆ ಒದ್ದಾಡಿಕೊಂಡು ಬರುತ್ತಿದ್ದರು. ನಾನು ಮನೆಗೊಂದು ಫೋಲ್ಡರ್ ಮಾಡಿ ಅದರೊಳಗೆ ನಾಲ್ಕು ಇಡುತ್ತಿದ್ದೆ: ಬಂದದ್ದು, ಕೊಟ್ಟದ್ದು, ಹೇಳಿದ್ದು, ಹೇಳಬಾರದ್ದು. ಯಾವ ಮನೆಯದೇ ತೆಗೆದರೂ ನಾಲ್ಕನೆಯದೇ ದಪ್ಪ.

ಒಬ್ಬರ ಮೊದಲ ಮಾತು ಕ್ಲೌಡಿಗೆ ಏರಿದ ದಿನ ನಮ್ಮಲ್ಲಿ ಒಂದು ಪದ್ಧತಿ. ಜೋಡಿಸಿದವರು ಆ ಫೈಲನ್ನು ಅವರೆದುರೇ ಒಮ್ಮೆ ತೆರೆದು, ‘ಬೆಚ್ಚಗಾಯ್ತಾ?’ ಎಂದು ಕೇಳಬೇಕು. ಅವರು ‘ಆಯ್ತು’ ಅನ್ನಬೇಕು. ಆಗ ಬಾಯಿಗೆ ಒಂದು ಚೂರು ಬೆಲ್ಲ. ಎಷ್ಟು ನೂರು ಜನರಿಗೆ ಹಾಗೆ ಬೆಲ್ಲ ಹಾಕಿದ್ದೇನೋ, ಒಂದು ಸಲವೂ ನನಗೆ ಅದು ಮಾಮೂಲಿ ಅನಿಸಲಿಲ್ಲ. ಎಪ್ಪತ್ತು ದಾಟಿದ ಕಲ್ಲುಕುಟಿಗರೊಬ್ಬರು ತಮ್ಮ ತಾಯಿಯ ಬಗ್ಗೆ ಹನ್ನೊಂದು ಸಾಲು ಹೇಳಿ ಬರೆಸಿದ್ದರು. ನಾನು ತೆರೆದಾಗ ತಮ್ಮ ಅಂಗೈಯನ್ನು, ಯಾರೋ ಆಗತಾನೇ ಹುಟ್ಟಿದ ಕೂಸನ್ನು ಅದರಲ್ಲಿ ಇಟ್ಟುಹೋದ ಹಾಗೆ, ಅಲುಗಾಡಿಸದೆ ಹಿಡಿದುಕೊಂಡು ಕೂತುಬಿಟ್ಟರು. ಮಾತು ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಅಂಥ ಕೈಗಳನ್ನು ನೋಡಿ.

ಮಳಿಗೆಯ ಹಿಂದಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಓದುಕೂಟ ನಡೆಯುತ್ತಿತ್ತು. ಗೇರುಬೀಜದ ಕಾರ್ಖಾನೆಯ ಹೆಂಗಸರು ಎಂಟು ವರ್ಷದಿಂದ ಬರುತ್ತಿದ್ದರು. ಓದು ಬಲ್ಲ ನಾವು ನಾಲ್ಕು ಜನ ಓದುವುದು, ಅವರು ಕೇಳುವುದು, ಆಮೇಲೆ ಜಗಳ. ಅವರಲ್ಲಿ ಹಿರಿಯಳು ಸೋಮಕ್ಕ. ಇಪ್ಪತ್ತೆರಡು ವರ್ಷದಿಂದ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು ಬೀಜ ಒಡೆದವಳು. ಗೇರುಬೀಜದ ಸಿಪ್ಪೆಯೊಳಗೆ ಒಂದು ಎಣ್ಣೆ ಇರುತ್ತದೆ. ಅದು ತಾಗಿದ ಚರ್ಮ ಕಪ್ಪಾಗಿ ಸುಟ್ಟು ಪದರ ಪದರವಾಗಿ ಏಳುತ್ತದೆ. ಕೈಗವಸು ಕೊಡಬೇಕು ಅಂತ ಕಾನೂನಿದೆ. ಕಾರ್ಖಾನೆಯ ನರಹರಿ ಧಣಿಗಳು ಕೊಡುತ್ತಿದ್ದದ್ದು ಕೈಗೆ ಬಳಿದುಕೊಳ್ಳಲು ಒಂದು ಡಬ್ಬಿ ಒಲೆಬೂದಿ. ರಿಜಿಸ್ಟರಿನಲ್ಲಿ ಮಾತ್ರ ತಿಂಗಳು ತಿಂಗಳೂ ಕೈಗವಸು ಕೊಟ್ಟಂತೆ ಹೆಂಗಸರ ಹೆಬ್ಬೆಟ್ಟಿನ ಗುರುತಿರುತ್ತಿತ್ತು. ಇದನ್ನೇ ಓದುಕೂಟದಲ್ಲಿ ಮಾತಾಡಿ ಮಾತಾಡಿ, ಕೊನೆಗೆ ಹದಿನೇಳು ಜನ ಹೇಳಿಕೆ ಕೊಡಲು ಗಟ್ಟಿ ಮನಸ್ಸು ಮಾಡಿದರು. ಸರ್ಕಾರದಿಂದ ಒಬ್ಬ ವಿಚಾರಣಾಧಿಕಾರಿ ನೇಮಕವಾದರು. ವಿಚಾರಣೆಯ ದಿನದವರೆಗೆ ಹೇಳಿಕೆ ಕೊಟ್ಟವರ ಹೆಸರು ಹೊರಗೆ ಬರಬಾರದು ಎಂದು ಮಾತಾಯಿತು.

ನಾಲ್ಕು ಭಾನುವಾರ ಕೂತು ಬರೆದುಕೊಂಡೆ. ಅವರು ಹೇಳುವುದು, ನಾನು ಟೈಪ್ ಮಾಡುವುದು. ಸೋಮಕ್ಕನ ಹೇಳಿಕೆಯಲ್ಲಿ ಒಂದು ಸಾಲಿತ್ತು: ಗಂಜಿ ಬಸಿಯುವಾಗ ಕೈ ಮೇಲೆ ಬಿದ್ದರೆ ನನಗೆ ಗೊತ್ತಾಗುವುದು ಆವಿ ನೋಡಿ, ಬಿಸಿಯಿಂದ ಅಲ್ಲ. ಎಂಥ ಮಾತು ಎಂದು ರೋಮಾಂಚನಗೊಂಡೆ. ಪ್ರಾಸ ಕಂಡ ಕವಿಯ ಹಾಗೆ ಎರಡು ಸಲ ಓದಿಕೊಂಡೆ. ಆಮೇಲೆ ಫೈಲು ತೆರೆದು, ಬೆಲ್ಲ ಹಿಡಿದುಕೊಂಡು, ಬೆಚ್ಚಗಾಯ್ತಾ ಎಂದು ಕೇಳಿದೆ. ಸೋಮಕ್ಕ ಒಮ್ಮೆ ಎಲ್ಲರ ಮುಖ ನೋಡಿ, ಆಯ್ತು ಅಂದಳು. ಅವಳ ಐವತ್ತೊಂದು ವರ್ಷದ ಬದುಕಿನಲ್ಲಿ ಅವಳ ಮಾತು ಅಂತ ಎಲ್ಲಾದರೂ ಏರಿದ್ದು ಅದೇ ಮೊದಲು. ಬೆಲ್ಲ ಹಾಕಿದೆ. ಹದಿನೇಳು ಜನರಿಗೂ ಹಾಕಿದೆ. ನಾನೇ ಟೈಪ್ ಮಾಡಿದ ಸಾಲು ನನ್ನ ಕಣ್ಣೆದುರೇ ಇತ್ತು. ಅದರ ಅರ್ಥ ನನ್ನ ತಲೆಗೆ ಹೋಗಿರಲಿಲ್ಲ.

ಹದಿನೇಳನ್ನೂ ಒಂದೇ ಫೋಲ್ಡರಿಗೆ ಹಾಕಿ, ಒಂದೊಂದಕ್ಕೂ ಅವರವರ ಹೆಸರೇ ಇಟ್ಟು, ವಿಚಾರಣಾಧಿಕಾರಿಯ ಕಚೇರಿಗೆ ಲಿಂಕ್ ಕಳಿಸಿದೆ. ಇಂಥವರು ಮಾತ್ರ ನೋಡಬಹುದು ಎಂದು ಕಟ್ಟು ಮಾಡಲು ಅವರ ವಿಳಾಸ ಕೇಳಿ, ಹಾಕಿ, ಖಾತ್ರಿ ಮಾಡಿಕೊಳ್ಳಬೇಕು. ಅದರ ಮೇಲೆಯೇ ಇನ್ನೊಂದಿತ್ತು: ಲಿಂಕ್ ಇರುವ ಯಾರಾದರೂ ನೋಡಬಹುದು. ಒಂದೇ ಒತ್ತು. ಅದನ್ನೇ ಒತ್ತಿದೆ. ಊರಲ್ಲಿ ಎಲ್ಲರೂ ಒತ್ತುತ್ತಿದ್ದದ್ದು ಅದನ್ನೇ. ಹದಿನೇಳು ಅಂಗೈ ಕಾವಲಿಗೆ ಇರುವಾಗ ಬೀಗ ಯಾಕೆ?

ವಿಚಾರಣೆ ಗುರುವಾರ ಇತ್ತು. ಸೋಮವಾರ ಊಟದ ಹೊತ್ತಿಗೆ ರುಕಿಯಾ ಮಳಿಗೆಗೆ ಬಂದಳು. ಹದಿನೇಳರಲ್ಲಿ ಅವಳೇ ಕಿರಿಯಳು, ಕಾರ್ಖಾನೆಗೆ ಸೇರಿ ಆರು ತಿಂಗಳಾಗಿತ್ತು. ಬುತ್ತಿ ಬಿಚ್ಚದೆ ಹಾಗೇ ಹಿಡಿದುಕೊಂಡು ನಿಂತಿದ್ದಳು.

“ವಾರಿಜಕ್ಕ, ಬೆಳಗ್ಗೆಯಿಂದ ಮೂರು ಸಲ ನಂದು ಓದಿದ್ರಾ?”

ಇಲ್ಲವಲ್ಲ ಅಂದೆ. ಕಚೇರಿಯವರು ಓದಿರಬೇಕು ಅಂದೆ. ಕಚೇರಿಗೆ ಇವತ್ತು ರಜೆ ಅಂತ ನೀವೇ ಹೇಳಿದ್ರಲ್ಲ ಅಂದಳು. ಬೇರೆಯವರನ್ನು ಕೇಳಿದೆಯಾ ಅಂದರೆ, ಒಬ್ಬೊಬ್ಬರನ್ನೂ ಕೇಳಿದಳಂತೆ, ಯಾರಿಗೂ ಏನೂ ಆಗಿಲ್ಲವಂತೆ. ಹದಿನೇಳು ಜನರಲ್ಲಿ ನನ್ನೊಬ್ಬಳದ್ದೇ ಯಾಕೆ ಓದ್ತಾರೆ, ನಾನೇನು ಅಷ್ಟು ಚೆಂದ ಹೇಳಿದೀನಾ ಎಂದು ನಗಲು ನೋಡಿದಳು. ಕಂಪ್ಯೂಟರ್ ತೆರೆದೆ. ಯಾರು ಎಂದು ಹೆಸರಿರಲಿಲ್ಲ. ಎಷ್ಟು ಸಲ ಎಂದು ಮಾತ್ರ ಇತ್ತು. ಹದಿನೇಳು ಫೈಲನ್ನೂ ತೆರೆದಿದ್ದರು, ಒಂದಾದ ಮೇಲೊಂದು, ಮೂರು ಸುತ್ತು.

ಆ ಸಂಜೆಯೇ ಸೋಮಕ್ಕನ ಮನೆಗೆ ಹೋದೆ. ಅವಳು ರೊಟ್ಟಿ ತಟ್ಟುತ್ತಿದ್ದಳು. ಮೂರು ಸಲ ಕೈ ಬೆಚ್ಚಗಾಗಿದ್ದರೂ ಯಾಕೆ ಹೇಳಲಿಲ್ಲ ಎಂದು ಬಾಗಿಲಲ್ಲೇ ನಿಂತು ಜೋರು ಮಾಡಿದೆ. ಅವಳು ಕೈಯಲ್ಲಿದ್ದ ರೊಟ್ಟಿಯನ್ನು ಕೆಂಪಗೆ ಕಾದ ಹೆಂಚಿನ ಮೇಲೆ ಹಾಕಿ, ಅದರ ಅಂಚನ್ನು ಬರಿಗೈಯಲ್ಲೇ, ಹೆಂಚಿಗೆ ಒತ್ತಿಕೊಂಡೇ, ಒಂದು ಸುತ್ತು ನಿಧಾನವಾಗಿ ಸವರಿದಳು. ಆಮೇಲೆ ಆ ಅಂಗೈಯನ್ನು ನನ್ನ ಮುಂದೆ ಹಿಡಿದಳು.

“ಇದಕ್ಕೆ ಏನೂ ಗೊತ್ತಾಗಲ್ಲ ಕಣೇ. ಯಾರದಕ್ಕೂ ಗೊತ್ತಾಗಲ್ಲ. ಆ ಹುಡುಗಿದೊಂದು ಇನ್ನೂ ಸತ್ತಿಲ್ಲ.”

“ಮತ್ತೆ ಅವತ್ತು ಆಯ್ತು ಅಂದ್ರಿ?”

“ನೀನು ಬೆಲ್ಲ ಹಿಡ್ಕೊಂಡು ನನ್ ಮುಖಾನೇ ನೋಡ್ತಾ ಇದ್ದೆ. ಇಲ್ಲ ಅನ್ನೋಕಾಗ್ತಿತ್ತಾ?”

ಎಂಟು ವರ್ಷ. ಎಂಟು ವರ್ಷ ನಾವು ಓದುಕೂಟದಲ್ಲಿ ಅಂಗೈ ಬೆಚ್ಚಗಾಗುವುದರ ಬಗ್ಗೆ ಹಾಡಿದ್ದೇವೆ, ಕವಿತೆ ಕಟ್ಟಿದ್ದೇವೆ, ದೇವರು ಬಡವನಿಗೂ ಧಣಿಗೂ ಸಮವಾಗಿ ಕೊಟ್ಟ ಒಂದೇ ವಸ್ತು ಎಂದು ಭಾಷಣ ಮಾಡಿದ್ದೇವೆ. ಇವರು ನಮ್ಮೆದುರು ಕೂತು, ನಮಗೆ ಬೇಜಾರಾಗದಿರಲಿ ಎಂದು, ತಲೆಯಾಡಿಸಿದ್ದರು. ನನ್ನ ಊರು ಎಂಥ ಊರು ಅಂತ ನನಗೆ ಗೊತ್ತಾಗಿದ್ದು ಅಂದು, ಆ ಹೆಂಚಿನ ಮುಂದೆ. ರೊಟ್ಟಿ ಸೀಯುತ್ತಿತ್ತು. ಅದನ್ನು ತಿರುವಿ ಹಾಕಬೇಕು ಅಂತಲೂ ಇಬ್ಬರಿಗೂ ತೋಚಲಿಲ್ಲ.

ಸೋಮಕ್ಕ ನನ್ನ ಜೊತೆಗೇ ಮಳಿಗೆಗೆ ಬಂದಳು. ಅವಳೆದುರೇ ಲಿಂಕ್ ಮುಚ್ಚಿದೆ. ಹದಿನೇಳಕ್ಕೂ ಬೇರೆ ಬೇರೆ ಫೋಲ್ಡರ್ ಮಾಡಿದೆ. ಹೆಸರು ತೆಗೆದು ಅಂಕಿ ಇಟ್ಟೆ. ಯಾವ ಅಂಕಿ ಯಾರದು ಎಂಬ ಪಟ್ಟಿಯನ್ನು ಬೇರೆಡೆ ಇಟ್ಟೆ. ಒಂದೊಂದನ್ನೂ ಆಯಾ ಹೆಂಗಸು ಮತ್ತು ವಿಚಾರಣಾಧಿಕಾರಿ ಬಿಟ್ಟು ಮೂರನೆಯವರು ನೋಡದಂತೆ ಕಟ್ಟು ಮಾಡಿ, ಪಾಸ್‌ವರ್ಡ್ ಬದಲಾಯಿಸಿ, ಅದರ ಮೇಲೆ ಫೋನಿಗೆ ಬರುವ ಇನ್ನೊಂದು ಅಂಕಿಯ ಬೀಗವನ್ನೂ ಹಾಕಿದೆ. ಸೋಮಕ್ಕ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು.

“ಈ ಬೀಗ ಮೊದಲೇ ಇತ್ತಾ?”

ಇತ್ತು ಅಂದೆ.

“ಹಾಕೋಕೆ ಎಷ್ಟು ಹೊತ್ತು ಬೇಕು?”

ಒಂದಕ್ಕೆ ಎರಡು ನಿಮಿಷ ಅಂದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಸೆರಗು ಹೊದ್ದುಕೊಂಡು ಎದ್ದು ಹೋದಳು.

ಮಂಗಳವಾರ ಬೆಳಗ್ಗೆ ಕಾರ್ಖಾನೆಯ ಗೇಟಿನಲ್ಲಿ ಮೇಸ್ತ್ರಿ ಒಂದು ಚೀಟಿ ಹಿಡಿದು ನಿಂತಿದ್ದನಂತೆ. ಹದಿನೇಳು ಹೆಸರು ಕೂಗಿದ. ಒಂದೂ ತಪ್ಪಿರಲಿಲ್ಲ. ವಿಚಾರಣೆ ಮುಗಿಯುವವರೆಗೂ ಕೆಲಸವಿಲ್ಲ ಅಂದ. ಆ ಹೇಳಿಕೆಗಳು ನಿಮ್ಮವಲ್ಲ, ಹೊರಗಿನವರು ಕಟ್ಟಿದ್ದು ಅಂತ ತೀರ್ಮಾನವಾದರೆ ಆಮೇಲೂ ಬರುವುದು ಬೇಡ ಅಂದ. ಇದನ್ನು ಬಂದು ನನಗೆ ಹೇಳಿದ ರುಕಿಯಾ, ಅವರಿಗೆ ಹೆಸರು ಹೇಗೆ ಸಿಕ್ಕಿತು ಎಂದು ಕೇಳಲೇ ಇಲ್ಲ. ಕಚೇರಿಯಲ್ಲಿ ಯಾವನೋ ಒಬ್ಬ ಲಿಂಕನ್ನು ಧಣಿಗಳಿಗೆ ದಾಟಿಸಿದ್ದ. ದಾಟಿಸಲು ಆಗುವಂತೆ ಇಟ್ಟವಳು ನಾನು.

ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಮಾರ್ಕೆಟ್ಟಿನ ಮಾಳಿಗೆ ಮೇಲಿನ ಹಾಲ್‌ನಲ್ಲಿ ವಿಚಾರಣೆ. ಒಂದು ಕಡೆ ನರಹರಿ ಧಣಿ, ಅವರ ವಕೀಲ. ಇನ್ನೊಂದು ಕಡೆ ಬೆಂಚಿನ ಮೇಲೆ ಹದಿನೇಳು ಹೆಂಗಸರು, ಕೈಗಳನ್ನೆಲ್ಲ ಸೆರಗಿನೊಳಗೆ ಮುಚ್ಚಿಕೊಂಡು. ವೇದಿಕೆಯ ಮೇಲೆ ಕೂತ ವಿಚಾರಣಾಧಿಕಾರಿ ನಿವೃತ್ತಿಗೆ ಹತ್ತಿರದವರು, ಬಿಳಿ ಮೀಸೆ, ಮಾತು ಕಡಿಮೆ. ಅವರ ಪಕ್ಕ ಕಂಪ್ಯೂಟರಿನ ಮುಂದೆ ಒಬ್ಬ ಗುಮಾಸ್ತ.

ವಕೀಲ ಎದ್ದು ಒಂದೇ ಮಾತು ಕೇಳಿದ: ಅಂಗೈ ಪರೀಕ್ಷೆ ಆಗಲಿ. ನಮ್ಮಲ್ಲಿ ಬರಹ ಯಾರದು ಎಂಬ ತಕರಾರು ಬಂದರೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ, ಬೇರೆ ಬೇರೆ ಫೈಲುಗಳನ್ನು ಒಂದೊಂದಾಗಿ ತೆರೆಯುತ್ತಾರೆ. ನಿಮ್ಮದು ತೆರೆದಾಗ ನೀವು ಕೈ ಎತ್ತಬೇಕು. ಅವನ ಧ್ವನಿಯಲ್ಲಿ ಅವಸರವೇ ಇರಲಿಲ್ಲ. ಗಂಜಿ ಮತ್ತು ಆವಿಯ ಆ ಸಾಲನ್ನು ಅವನೂ ಓದಿದ್ದಾನೆ ಎಂದು ನನಗೆ ಆ ಕ್ಷಣ ಹೊಳೆಯಿತು. ನಾನು ರೋಮಾಂಚನಗೊಂಡ ಸಾಲನ್ನು ಅವನು ಅರ್ಥ ಮಾಡಿಕೊಂಡಿದ್ದ.

ರುಕಿಯಾಳನ್ನು ಮೊದಲು ಕರೆದರು. ನಾಲ್ಕನೇ ಫೈಲಿಗೆ ಕೈ ಎತ್ತಿದಳು, ಸರಿಯಾಗಿತ್ತು. ಆರು ತಿಂಗಳ ಕೆಲಸದವಳು, ಇವಳಿಗೆ ಕಾರ್ಖಾನೆಯ ಬಗ್ಗೆ ಏನು ಗೊತ್ತು ಎಂದು ವಕೀಲ ಕೂತೇ ಹೇಳಿದ. ಆಮೇಲೆ ಸೋಮಕ್ಕ. ಬಿಳಿ ಬಟ್ಟೆ ಕಟ್ಟಿಸಿಕೊಂಡು ಹಾಲ್‌ನ ನಡುವೆ ಕುರ್ಚಿಯ ಮೇಲೆ ಕೂತಳು, ಕೈ ಮೊಣಕಾಲ ಮೇಲೆ. ಗುಮಾಸ್ತ ತೆರೆದ, ಮುಚ್ಚಿದ. ತೆರೆದ, ಮುಚ್ಚಿದ. ಎಲ್ಲಿ ಅವಳ ಅಂಕಿಯ ಫೈಲು ತೆರೆಯಿತು ಎಂದು ನಮಗೆ ಗೋಡೆಯ ಪರದೆಯ ಮೇಲೆ ಕಾಣುತ್ತಿತ್ತು. ಕೆಳಗೆ ಮೀನಿನಂಗಡಿಯಲ್ಲಿ ಯಾರೋ ಚೌಕಾಸಿ ಮಾಡುವುದು ಕೇಳುತ್ತಿತ್ತು. ಸೋಮಕ್ಕನ ಕೈ ಮೊಣಕಾಲ ಮೇಲಿಂದ ಏಳಲಿಲ್ಲ. ಅವಳು ಊಹೆಯ ಮೇಲೆ ಎತ್ತಬಹುದಿತ್ತು. ಬೆಲ್ಲದ ದಿನ ಆಯ್ತು ಅಂದ ಹಾಗೆ. ಈ ಸಲ ಎತ್ತಲಿಲ್ಲ.

“ತನ್ನ ಮಾತು ತನಗೇ ಗೊತ್ತಾಗದಿದ್ದರೆ ಅದು ಅವಳ ಮಾತು ಹೇಗಾಗುತ್ತೆ, ಸ್ವಾಮಿ?” ವಕೀಲ ಕೇಳಿದ.

ನಾನು ಎದ್ದು ನಿಂತೆ. ಗೊತ್ತಾಗುವುದಿಲ್ಲ ಎಂಬುದೇ ಅವಳ ಹೇಳಿಕೆ, ಕೈ ಸತ್ತಿದೆ ಎಂದೇ ಅದರಲ್ಲಿ ಬರೆದಿರುವುದು, ಸಾಯಿಸಿದವರು ಇಲ್ಲೇ ಕೂತಿದ್ದಾರೆ, ಓದಿ ನೋಡಿ ಎಂದೆ. ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದು ಅವರದು ಅಂತ ಆಗುವವರೆಗೂ ತೆರೆಯಬಹುದೇ ಹೊರತು ಓದುವ ಹಾಗಿಲ್ಲಮ್ಮ, ನಿಯಮ ಹಾಗಿದೆ ಎಂದರು. ಅವರ ಮುಖದಲ್ಲಿ ಖುಷಿಯೇನೂ ಇರಲಿಲ್ಲ. ಮುಂದಿನವರನ್ನು ಕರೆಯಿರಿ ಎಂದರು.

ಸೋಮಕ್ಕ ಕಣ್ಣಿನ ಬಟ್ಟೆಯ ಗಂಟು ಬಿಚ್ಚಲು ನೋಡಿದಳು. ಸ್ಪರ್ಶವಿಲ್ಲದ ಬೆರಳಿಗೆ ಗಂಟು ಸಿಗಲಿಲ್ಲ. ಹಾಗೆಯೇ ಎದ್ದು, ಬೆಂಚು ಯಾವ ಕಡೆ ಎಂದು ತಿಳಿಯದೆ, ಕುರ್ಚಿಗೆ ಎಡವಿದಳು. ರುಕಿಯಾ ಓಡಿಹೋಗಿ ಅವಳ ಬಲಗೈ ಹಿಡಿದುಕೊಂಡಳು. ಹಿಡಿದವಳು ಅಲ್ಲೇ ನಿಂತುಬಿಟ್ಟಳು. ತನ್ನ ಕೈ ಹಿಂದಕ್ಕೆ ಎಳೆದುಕೊಂಡು ನೋಡಿಕೊಂಡಳು. ಮತ್ತೆ ಹಿಡಿದಳು.

“ಸಾರ್, ಇದು ಸುಡ್ತಾ ಇದೆ.”

ಬೆಚ್ಚಗಾದ ಅಂಗೈಯನ್ನು ಇನ್ನೊಬ್ಬರು ಮುಟ್ಟುವುದು ನಮ್ಮಲ್ಲಿಲ್ಲ. ಕೈ ಬೆಚ್ಚಗಾದವರು ಮುಷ್ಟಿ ಕಟ್ಟಿಕೊಂಡು ಪಕ್ಕಕ್ಕೆ ಸರಿಯುತ್ತಾರೆ, ಎದುರಿನವರು ಮುಖ ತಿರುಗಿಸುತ್ತಾರೆ. ಗಂಡ ಹೆಂಡತಿಯದನ್ನು ಮುಟ್ಟುವುದಿಲ್ಲ. ಹಾಗಾಗಿ ಆ ಬಿಸಿ ಹೊರಗಿನವರಿಗೂ ತಗಲುತ್ತದೆಯೇ ಎಂದು ಊರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಎಲ್ಲರೂ ಪರದೆ ನೋಡಿದೆವು. ಗುಮಾಸ್ತ ಕೊನೆಗೆ ತೆರೆದಿದ್ದ ಫೈಲನ್ನು ಮುಚ್ಚಲು ಮರೆತಿದ್ದ. ಅದು ಸೋಮಕ್ಕನದು.

ಮುಚ್ಚಯ್ಯ ಎಂದರು ಅಧಿಕಾರಿ. ಮುಚ್ಚಿದ. ಆರಿತು ಎಂದಳು ರುಕಿಯಾ. ತೆರೆ ಎಂದರು. ಬಂತು ಎಂದಳು. ವಕೀಲ ಎದ್ದು, ಇದು ಪರೀಕ್ಷೆಯೇ ಅಲ್ಲ, ಗೊತ್ತಾಗಬೇಕಾದದ್ದು ಅವಳಿಗೆ, ಪಕ್ಕದವಳಿಗಲ್ಲ ಎಂದ. ಅಧಿಕಾರಿ ಅವನ ಕಡೆ ತಿರುಗದೆ ವೇದಿಕೆಯ ಮೂರು ಮೆಟ್ಟಿಲು ಇಳಿದು ಬಂದರು. ಸೋಮಕ್ಕನ ಮುಂದೆ ನಿಂತು, ಆ ಕಪ್ಪುಗಟ್ಟಿದ, ಸುಟ್ಟ ಮಡಕೆಯ ತಳದಂತೆ ಬಿರಿದ ಅಂಗೈಯನ್ನು ಒಂದು ಗಳಿಗೆ ನೋಡಿದರು. ಮುಟ್ಟಲು ಹಿಂಜರಿದರು, ಅದು ನನಗೆ ಕಂಡಿತು. ಆಮೇಲೆ ತಮ್ಮ ಕೈಯನ್ನೇ ಪ್ಯಾಂಟಿಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡರು. ಕಣ್ಣು ಮುಚ್ಚಿದರು. ಗುಮಾಸ್ತನಿಗೆ, ಯಾವುದೆಂದು ಬಾಯಿ ಬಿಡದೆ ನಿನ್ನಿಷ್ಟ ಬಂದ ಹಾಗೆ ತೆರೆ ಎಂದರು. ಒಂದು, ಎರಡು, ಮೂರು, ನಾಲ್ಕು, ಏನೂ ಇಲ್ಲ. ಐದನೆಯದಕ್ಕೆ ಆ ಬಿಳಿ ಮೀಸೆಯ ಮುಖ ಬದಲಾದದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ದೇವರ ಮನೆಯ ಬಾಗಿಲು ತಾನಾಗಿ ತೆರೆದುಕೊಂಡದ್ದನ್ನು ಕಂಡವರ ಮುಖ ಅದು.

“ಇದು,” ಎಂದರು. ಪರದೆಯ ಮೇಲೆ ಇದ್ದದ್ದು ಅದೇ.

ಕೈ ಬಿಡದೆಯೇ ವಕೀಲನನ್ನು ಕರೆದು, ನೀವೂ ಹಿಡಿದು ನೋಡಿ ಎಂದರು. ಅವನು ಬೆರಳ ತುದಿ ತಾಗಿಸಿ ಹಿಂದೆಗೆದು, ಬೆರಳನ್ನು ತುಟಿಗೆ ಒತ್ತಿಕೊಂಡು, ಹೋಗಿ ತನ್ನ ಜಾಗದಲ್ಲಿ ಕೂತ. ನರಹರಿ ಧಣಿ ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ಬೆಂಚಿನ ಮೇಲೆ ಒಬ್ಬೊಬ್ಬರಾಗಿ ಸೆರಗಿನಿಂದ ಕೈ ಹೊರಗೆ ತೆಗೆದರು. ಯಾರೂ ಹೇಳಿರಲಿಲ್ಲ. ಹದಿನೈದು ಕಪ್ಪು ಅಂಗೈಗಳು, ಮೇಲ್ಮುಖವಾಗಿ, ಸಾಲಾಗಿ.

ಹೇಳಿಕೆ ಈಕೆಯದೇ ಎಂದು ಬರೆದುಕೋ ಎಂದು ಅಧಿಕಾರಿ ಗುಮಾಸ್ತನಿಗೆ ಹೇಳಿದರು. ಉಳಿದವರದನ್ನೂ ಹೀಗೆಯೇ ನೋಡುವುದಾಗಿ, ಕೈ ಹಿಡಿಯಲು ತಾವೇ ನಿಲ್ಲುವುದಾಗಿ ಹೇಳಿದರು. ಅದಕ್ಕೆ ಮೊದಲು, ಇನ್ನು ಇದನ್ನು ಓದುವ ಹಾಗಿದೆ, ಗಟ್ಟಿಯಾಗಿ ಓದು ಎಂದರು.

ಗುಮಾಸ್ತ ಓದತೊಡಗಿದ. ರುಕಿಯಾ ಸೋಮಕ್ಕನ ಕಣ್ಣಿನ ಬಟ್ಟೆ ಬಿಚ್ಚಿದಳು. ಸೋಮಕ್ಕ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದಳು.

“ಎಷ್ಟಿದೆ ಬಿಸಿ?” ಮೆಲ್ಲಗೆ ಕೇಳಿದಳು.

“ತುಂಬ ಇದೆ, ಸೋಮಕ್ಕ.”

“ತುಂಬ ಅಂದ್ರೆ?”

ರುಕಿಯಾ ನನ್ನ ಕಡೆ ನೋಡಿದಳು. ಇಷ್ಟು ವರ್ಷ ಓದಿದವಳು ನಾನು, ನನಗೂ ಹೇಳಲು ಬರಲಿಲ್ಲ. ಸೋಮಕ್ಕ ಆಮೇಲೆ ಆ ಅಂಗೈಯನ್ನು ನಿಧಾನಕ್ಕೆ ಎತ್ತಿ ತನ್ನದೇ ಕೆನ್ನೆಗೆ ಇಟ್ಟುಕೊಂಡಳು. ಇಟ್ಟವಳು ಬೆಚ್ಚಿಬಿದ್ದಳು. ಮತ್ತೆ ಇಟ್ಟುಕೊಂಡಳು, ಈ ಸಲ ಒತ್ತಿ. ಅವಳ ಬಾಯಿ ಅರ್ಧ ತೆರೆದಿತ್ತು, ಕಣ್ಣು ನಮ್ಮ ಯಾರ ಮೇಲೂ ಇರಲಿಲ್ಲ. ಅಲ್ಲಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದದ್ದರಿಂದ ಗುಮಾಸ್ತನೂ ತಲೆ ಎತ್ತಿ, ಓದುವುದನ್ನು ನಿಲ್ಲಿಸಿ, ಫೈಲು ಮುಚ್ಚಲು ಕೈ ಇಟ್ಟ.

“ಮುಚ್ಚಬೇಡಪ್ಪ,” ಎಂದಳು ಸೋಮಕ್ಕ. “ಓದು.”